ಗನ್ ಬೇರೆ, ಕೋವಿ ಬೇರೆ

2021ರ ಜನವರಿ ನೆನಪಿದೆಯಾ? ‘ಕೆಜಿಎಫ್ ಚಾಪ್ಟರ್ 2’ ಟೀಸರ್ ಬಂದು ಎಲ್ಲರ ಫೋನಿನಲ್ಲೂ ಅದೇ ಓಡ್ತಿತ್ತು. ರಾಕಿ ಭಾಯ್ ದೊಡ್ಡದೊಂದು ಮೆಷಿನ್ ಗನ್ ಹಿಡಿದು ಜೀಪುಗಳನ್ನೆಲ್ಲ ಚಿಂದಿ ಉಡಾಯಿಸ್ತಾನೆ. ಆಮೇಲೆ ಕಾದು ಕೆಂಪಗಾದ ನಳಿಗೆಗೆ ಸಿಗರೇಟು ತಾಗಿಸಿ ಹೊತ್ತಿಸಿಕೊಳ್ತಾನೆ. ಕೆಲವೇ ದಿನದಲ್ಲಿ ರಾಜ್ಯ ಆರೋಗ್ಯ ಇಲಾಖೆಯ ತಂಬಾಕು ನಿಯಂತ್ರಣ ಘಟಕದಿಂದ ನೋಟಿಸ್ ಹೊರಟಿತು. ಯಾವುದಕ್ಕೆ ಅಂತೀರಿ? ಸಿಗರೇಟಿಗೆ.

ಇಲಾಖೆಯದ್ದು ತಪ್ಪು ಅಂತ ನಾನು ಹೇಳ್ತಿಲ್ಲ. ತಂಬಾಕು ನೋಡಿಕೊಳ್ಳೋದು ಅವರ ಕೆಲಸ, ಅವರು ಮಾಡಿದರು. ಆದರೆ ನಮ್ಮ ಪರದೆಯ ಲೆಕ್ಕಾಚಾರ ಒಂದ್ಸಲ ನೋಡಿ. ನಾಯಕ ಸಿಗರೇಟು ಹಚ್ಚಿದರೆ ಮೂಲೆಯಲ್ಲಿ ಎಚ್ಚರಿಕೆಯ ಸಾಲು ಬರುತ್ತೆ. ಗ್ಲಾಸು ಎತ್ತಿದರೂ ಬರುತ್ತೆ. ಕುದುರೆಯೋ ನಾಯಿಯೋ ಕಾಣಿಸಿಕೊಂಡರೆ ‘ಯಾವ ಪ್ರಾಣಿಗೂ ಹಿಂಸೆ ಮಾಡಿಲ್ಲ’ ಅನ್ನೋ ಕಾರ್ಡು ಮೊದಲೇ ಬಂದಿರುತ್ತೆ. ನಡುವೆ ಐವತ್ತು ಜನ ಗುಂಡೇಟಿಗೆ ಉರುಳಿದರೆ ಬರೋದು ಹಿನ್ನೆಲೆ ಸಂಗೀತ ಮಾತ್ರ.

ಹಾಗಂತ ಗನ್ನಿಗೂ ಒಂದು ಎಚ್ಚರಿಕೆಯ ಸಾಲು ಹಾಕಿ ಅಂತ ಕೇಳೋಕೆ ನಾನು ಇದನ್ನ ಬರೀತಿಲ್ಲ. ಈಗಿರುವ ಸಾಲುಗಳನ್ನೇ ಯಾರೂ ಓದಲ್ಲ. ನನ್ನ ತಕರಾರು ಬೇರೆ: ನಮ್ಮ ಸಿನಿಮಾ, ವೆಬ್ ಸೀರೀಸ್, ನ್ಯೂಸ್ ಚಾನೆಲ್‌ಗಳು ಇಷ್ಟೊಂದು ಗನ್ ತೋರಿಸಿಯೂ ಬಂದೂಕಿನ ಬಗ್ಗೆ ನಮಗೆ ಏನನ್ನೂ ಹೇಳಿಲ್ಲ.

ಕನ್ನಡದಲ್ಲಿ ಇದಕ್ಕೆ ಎರಡು ಪದ ಇವೆ. ಟಿವಿಯಲ್ಲಿ ಇರೋದು ‘ಗನ್’. ಮಲೆನಾಡು, ಕರಾವಳಿ, ಕೊಡಗಿನ ಕಡೆ ತೋಟದ ಮನೆಗಳಲ್ಲಿ ಇರೋದು ‘ಕೋವಿ’. ಅದರಲ್ಲೂ ಬಗೆ ಇವೆ: ಕೇಪಿನ ಕೋವಿ, ತೋಟಾ ಕೋವಿ, ಒಂಟಿ ನಳಿಗೆ, ಜೋಡು ನಳಿಗೆ. ಕುವೆಂಪು ಕಾದಂಬರಿಗಳಲ್ಲಿ ಶಿಕಾರಿಗೆ ಹೋಗೋರ ಹೆಗಲ ಮೇಲೆ ಇರೋದು ಇದೇ. ತೇಜಸ್ವಿಯವರ ‘ಪರಿಸರದ ಕತೆ’ಯಲ್ಲಿ ಅವರ ನಾಯಿ ಕಿವಿಯ ಜೊತೆ ಕಾಡು ಸುತ್ತೋದೂ ಇದೇ. ಆ ಬರಹಗಳಲ್ಲಿ ಕೋವಿ ಒಂದು ವಸ್ತು. ಹೊರೋಕೆ ಭಾರ, ಹೊಡೆದರೆ ಗುರಿ ತಪ್ಪಬಹುದು, ಇಟ್ಟುಕೊಂಡವನಿಗೆ ಅದರಿಂದ ಫಜೀತಿಯೂ ಉಂಟು. ಪರದೆಯ ಗನ್ನಿಗೆ ಇದ್ಯಾವುದೂ ಇಲ್ಲ. ‘ಕೆಜಿಎಫ್ 2’ರಲ್ಲಿ ಅದಕ್ಕೆ ‘ದೊಡ್ಡಮ್ಮ’ ಅಂತ ಹೆಸರೇ ಇದೆ. ಅಲ್ಲಿ ಅದು ವಸ್ತುವಲ್ಲ, ಒಂದು ಪಾತ್ರ. ನಾಯಕಿಗಿಂತ ಒಳ್ಳೆ ಎಂಟ್ರಿ ಸಿಕ್ಕ ಪಾತ್ರ.

ಇದು ಕನ್ನಡಕ್ಕೆ ಸ್ವಲ್ಪ ಹೊಸದು ಕೂಡ. ‘ಓಂ’ (1995) ಕಾಲದಿಂದ ‘ಜೋಗಿ’ (2005) ಕಾಲದವರೆಗೂ ನಮ್ಮ ರೌಡಿ ಸಿನಿಮಾಗಳ ಆಯುಧ ಅಂದ್ರೆ ಲಾಂಗು, ಮಚ್ಚು. ಆಗಲೂ ವೈಭವೀಕರಣ ಅಂತ ಬೈದಿದ್ದೇವೆ, ಬೈಗುಳ ಸರಿಯಾಗಿಯೂ ಇತ್ತು. ಆದರೆ ಲಾಂಗು ಹಿಡಿದವನು ಎದುರಿಗಿದ್ದವನ ಹತ್ತಿರ ಹೋಗಬೇಕಿತ್ತು, ರಕ್ತ ಅವನ ಮೇಲೂ ಸಿಡೀತಿತ್ತು. ಪ್ಯಾನ್ ಇಂಡಿಯಾ ಕಾಲ ಬಂದ ಮೇಲೆ ಆ ಹತ್ತಿರವೂ ಹೋಯ್ತು. ‘ಕೈದಿ’, ‘ವಿಕ್ರಮ್’, ‘ಅನಿಮಲ್’ ಯಾವುದನ್ನಾದರೂ ನೋಡಿ, ಭಾಷೆ ಬದಲಾದರೂ ದೊಡ್ಡ ಮೆಷಿನ್ ಗನ್ ಬದಲಾಗಲ್ಲ. ದೂರದಲ್ಲಿ ಬೀಳೋ ಜನಕ್ಕೆ ಮುಖವೇ ಇರಲ್ಲ.

ಈಗ ಕಾನೂನಿನ ಕಡೆ ಬರೋಣ, ಯಾಕಂದ್ರೆ ಇದನ್ನ ಯಾವ ಸಿನಿಮಾನೂ ಹೇಳಲ್ಲ. ನಮ್ಮಲ್ಲಿ ಇರೋದು 1959ರ ಶಸ್ತ್ರಾಸ್ತ್ರ ಕಾಯ್ದೆ ಮತ್ತು 2016ರ ನಿಯಮಗಳು. ಲೈಸೆನ್ಸ್ ಬೇಕು ಅಂದ್ರೆ ಅರ್ಜಿ ಹಾಕಬೇಕು, ಪೊಲೀಸ್ ವಿಚಾರಣೆ ಆಗಬೇಕು, ಮಾನಸಿಕ ಆರೋಗ್ಯವೂ ಸೇರಿ ವೈದ್ಯರ ಸರ್ಟಿಫಿಕೇಟ್ ಬೇಕು. ಎಷ್ಟು ತೋಟಾ ಇಟ್ಟುಕೊಳ್ಳಬಹುದು, ವರ್ಷಕ್ಕೆ ಎಷ್ಟು ಕೊಳ್ಳಬಹುದು ಅನ್ನೋದು ಲೈಸೆನ್ಸಿನಲ್ಲೇ ನಮೂದಾಗಿರುತ್ತೆ. 2019ರ ತಿದ್ದುಪಡಿಯ ನಂತರ ಒಬ್ಬ ಸಾಮಾನ್ಯ ಮನುಷ್ಯ ಇಟ್ಟುಕೊಳ್ಳಬಹುದಾದ ಬಂದೂಕು ಹೆಚ್ಚೆಂದರೆ ಎರಡು, ಮೊದಲು ಮೂರಿತ್ತು. ಆಟೋಮ್ಯಾಟಿಕ್ ಆಯುಧ ಜನಸಾಮಾನ್ಯರಿಗೆ ಇಲ್ಲವೇ ಇಲ್ಲ. ಸೀರಿಯಲ್ ವಿಲನ್ನೂ ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡೋ 9 ಎಂಎಂ ಪಿಸ್ತೂಲ್ ಸಹ ನಿಷೇಧಿತ ಬೋರಿನ ಪಟ್ಟಿಯಲ್ಲಿದೆ. ಇನ್ನು ಸೈಲೆನ್ಸರ್ ಹಾಕಿದರೆ ‘ಫುಸ್’ ಅನ್ನೋದು ಬರೀ ಸಿನಿಮಾ. ಗುಂಡಿನ ಸದ್ದು 140 ಡೆಸಿಬಲ್ ದಾಟುತ್ತೆ, ಸೈಲೆನ್ಸರ್ ಅದರಲ್ಲಿ ಇಪ್ಪತ್ತು ಮೂವತ್ತು ಕಡಿಮೆ ಮಾಡಬಹುದು. ಪಕ್ಕದ ಫ್ಲ್ಯಾಟಿನವರು ಖಂಡಿತ ಎದ್ದು ಕೂರ್ತಾರೆ.

ಅದೇ ಕಾಯ್ದೆಯ 13ನೇ ಸೆಕ್ಷನ್‌ನಲ್ಲಿ ಇನ್ನೊಂದು ಮಾತಿದೆ. ನಿಜವಾದ ಬೆಳೆ ರಕ್ಷಣೆಗೆ ನಳಿಗೆಯ ಬಾಯಿಂದ ಮದ್ದು ತುಂಬೋ ಕೋವಿ ಕೇಳಿದವನಿಗೆ ಲೈಸೆನ್ಸ್ ಕೊಡಬೇಕು ಅನ್ನೋದು. ಅಂದರೆ ರೈತನ ಕೋವಿಯನ್ನ ಕಾನೂನು ಒಂದು ಕೃಷಿ ಉಪಕರಣದ ಥರ ನೋಡಿದೆ. ಹಾಗಂತ ಕಾಡುಹಂದಿಗೆ ಗುರಿಯಿಟ್ಟು ಹೊಡೆಯೋ ಹಾಗಿಲ್ಲ. ಅದಕ್ಕೆ 1972ರ ವನ್ಯಜೀವಿ ಕಾಯ್ದೆ ಅಡ್ಡ ಬರುತ್ತೆ, ಅನುಮತಿ ಇಲ್ಲದೆ ಕೊಂದರೆ ಕೇಸು. ಹಾಗಾಗಿ ಕಾನೂನು ಪಾಲಿಸೋ ರೈತ ರಾತ್ರಿ ಗಾಳಿಯಲ್ಲಿ ಈಡು ಹಾರಿಸಿ ಹಂದಿ, ಆನೆ ಓಡಿಸ್ತಾನೆ. ಚುನಾವಣೆ ಘೋಷಣೆ ಆದ ಕೂಡಲೇ ಆ ಕೋವಿಯನ್ನೂ ಠಾಣೆಗೆ ಒಪ್ಪಿಸಿ ರಸೀತಿ ತಗೊಂಡು ಬರಬೇಕು. ಸ್ಕ್ರೀನಿಂಗ್ ಕಮಿಟಿ ವಿನಾಯಿತಿ ಕೊಟ್ಟರೆ ಉಂಟು, ಇಲ್ಲದಿದ್ದರೆ ಫಲಿತಾಂಶ ಬರೋವರೆಗೂ ತೋಟಕ್ಕೆ ಪಟಾಕಿಯೇ ಗತಿ. ಬೆಂಗಳೂರಿನ ಆಫೀಸುಗಳಲ್ಲಿ ಕೂತಿರೋ ಎಷ್ಟೋ ಜನರ ಅಪ್ಪಂದಿರು ಪ್ರತಿ ಎಲೆಕ್ಷನ್ನಿಗೂ ಮಾಡೋ ಕೆಲಸ ಇದು. ಯಾವ ಚಾನೆಲ್ಲಿನಲ್ಲಾದರೂ ಇದರ ಬಗ್ಗೆ ಅರ್ಧ ಗಂಟೆ ಚರ್ಚೆ ನೋಡಿದ್ದೀರಾ? ನಾನಂತೂ ನೋಡಿಲ್ಲ.

ಕೊಡಗಿನ ವಿಷಯಕ್ಕೆ ಬಂದರೆ ನೋಡೋಕೇನೋ ಸಿಗುತ್ತೆ, ಆದರೆ ಬರೀ ದೃಶ್ಯ. ಸೆಪ್ಟೆಂಬರಿನಲ್ಲಿ ಕೈಲ್ ಪೊಳ್ದ್ ಬಂದಾಗ ಕೋವಿಗೆ ಹೂವು, ತೆಂಗಿನಕಾಯಿಗೆ ಗುಂಡು ಹೊಡೆಯೋ ಸ್ಪರ್ಧೆ, ಮದುವೆಯಲ್ಲಿ ಕುಪ್ಯ ತೊಟ್ಟವರ ಫೋಟೋ. ಚಂದವೇ. ಅದರ ಹಿಂದಿನ ಪ್ರಶ್ನೆ ಗಟ್ಟಿಯಾದದ್ದು. ಕೊಡವರಿಗೆ ಮತ್ತು ಜಮ್ಮಾ ಭೂಮಿ ಹಿಡುವಳಿದಾರರಿಗೆ ಲೈಸೆನ್ಸಿನಿಂದ ಬ್ರಿಟಿಷರ ಕಾಲದಿಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಅದನ್ನ ಮತ್ತೆ ಹತ್ತು ವರ್ಷಕ್ಕೆ ಮುಂದುವರಿಸಿತು. ಜನಾಂಗ ಮತ್ತು ಭೂಮಿ ನೋಡಿ ವಿನಾಯಿತಿ ಕೊಡೋದು ಸಮಾನತೆಗೆ ವಿರುದ್ಧ ಅಂತ ಹೈಕೋರ್ಟಿನಲ್ಲಿ ಅರ್ಜಿ ಬಿತ್ತು. 2021ರ ಸೆಪ್ಟೆಂಬರಿನಲ್ಲಿ ಕೋರ್ಟು ವಿನಾಯಿತಿಯನ್ನ ಎತ್ತಿಹಿಡಿಯಿತು. ಒಂದು ಪರಂಪರೆಗೆ ಕಾನೂನು ಎಷ್ಟು ಜಾಗ ಬಿಡಬೇಕು, ಅದೇ ಊರಿನಲ್ಲಿ ಅದೇ ಆನೆ ಕಾಟ ಅನುಭವಿಸೋ, ವಿನಾಯಿತಿ ಇಲ್ಲದ ನೆರೆಯವನಿಗೆ ಏನು ಹೇಳಬೇಕು? ಎರಡೂ ಕಡೆ ವಾದ ಇರೋ ಪ್ರಶ್ನೆ ಇದು. ಪ್ರೈಮ್ ಟೈಮಿಗೆ ಬೇಕಾಗಿದ್ದು ಹೂವು ಹಾಕಿದ ಕೋವಿಯ ಕ್ಲೋಸಪ್ ಅಷ್ಟೇ.

ಹಾಗಾದರೆ ಕೋವಿ ಇಟ್ಟುಕೊಂಡವರೆಲ್ಲ ಪಾಪದವರು, ಸಿನಿಮಾದವರೇ ಕೆಟ್ಟವರು ಅಂತಾನಾ? ಅದೂ ಅಲ್ಲ. ಕೋವಿಯಿಂದ ಜನ ಸಾಯ್ತಾರೆ. ಶಿಕಾರಿಗೆ ಹೋದಾಗ ಪೊದೆ ಅಲುಗಿತು ಅಂತ ಜೊತೆಗಾರನಿಗೇ ಹೊಡೆದವರಿದ್ದಾರೆ. ಗಡಿ ಜಗಳ, ಕುಡಿದ ರಾತ್ರಿ, ಒಬ್ಬನೇ ಇದ್ದ ಮಧ್ಯಾಹ್ನ, ಹೀಗೆ ಗೋಡೆಯ ಮೇಲಿನ ಕೋವಿ ಕೆಳಗಿಳಿದ ಸಂದರ್ಭಗಳಿವೆ. ಇವೆಲ್ಲ ಸುದ್ದಿಯಲ್ಲಿ ಹೇಗೆ ಬರುತ್ತೆ ಗಮನಿಸಿ: ‘ಮಿಸ್‌ಫೈರ್ ಆಗಿ ಯುವಕ ಸಾವು’. ಮಿಸ್‌ಫೈರ್ ಅಂದ್ರೆ ಟ್ರಿಗರ್ ಒತ್ತಿದರೂ ತೋಟಾ ಹೊಡೆದುಕೊಳ್ಳದೇ ಇರೋದು. ಗುಂಡೇ ಹಾರದಿದ್ದರೆ ಯಾರೂ ಸಾಯಲ್ಲ. ಆ ಹೆಡ್ಡಿಂಗಿನ ಹಿಂದೆ ಸಾಮಾನ್ಯವಾಗಿ ಇರೋದು ತುಂಬಿದ ಕೋವಿ, ಟ್ರಿಗರ್ ಮೇಲಿದ್ದ ಬೆರಳು, ನಳಿಗೆಯ ಮುಂದೆ ಒಬ್ಬ ಮನುಷ್ಯ. ‘ಮಿಸ್‌ಫೈರ್’, ‘ಗುಂಡು ಹಾರಿ ಸಾವು’ ಅಂತ ಬರೆದ ಕೂಡಲೇ ಹಾರಿಸಿದವನು ವಾಕ್ಯದಿಂದಲೇ ಮಾಯ. ಗುಂಡು ತಾನಾಗೇ ರೆಕ್ಕೆ ಕಟ್ಟಿಕೊಂಡು ಹಾರಿದ ಹಾಗೆ! ಮದುವೆ ಮೆರವಣಿಗೆಗಳಲ್ಲಿ ಗಾಳಿಗೆ ಗುಂಡು ಹಾರಿಸೋದಕ್ಕೆ 2019ರ ತಿದ್ದುಪಡಿ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ ಇಟ್ಟಿದೆ. ಇದನ್ನೂ ನಾವು ‘ಸಂಭ್ರಮಾಚರಣೆ ವೇಳೆ ಅವಘಡ’ ಅಂತಲೇ ಓದ್ತೀವಿ.

ನ್ಯೂಸ್ ಚಾನೆಲ್ಲುಗಳದ್ದು ಇನ್ನೊಂದು ಮಟ್ಟ. 2023ರ ಏಪ್ರಿಲ್ 15ರ ರಾತ್ರಿ ಪ್ರಯಾಗ್‌ರಾಜ್‌ನಲ್ಲಿ ಪೊಲೀಸ್ ಕಾವಲಿನಲ್ಲಿದ್ದ ಅತೀಕ್ ಅಹ್ಮದ್ ಮತ್ತು ಅವನ ತಮ್ಮ ಅಶ್ರಫ್‌ನನ್ನ ಕ್ಯಾಮೆರಾ ಮುಂದೆಯೇ ಕೊಂದರು. ಕೊಂದ ಮೂವರು ಬಂದಿದ್ದು ಪತ್ರಕರ್ತರ ವೇಷದಲ್ಲಿ. ಮಾಧ್ಯಮಕ್ಕೆ ಇದಕ್ಕಿಂತ ಹತ್ತಿರದ ಪ್ರಶ್ನೆ ಇನ್ನೊಂದಿರಲಿಲ್ಲ. ಆದರೆ ಮರುದಿನದಿಂದ ಸ್ಟಾರ್ ಆಗಿದ್ದು ‘ಜಿಗಾನಾ’ ಅನ್ನೋ ಟರ್ಕಿ ಪಿಸ್ತೂಲು. ಎಲ್ಲಿ ತಯಾರಾಗುತ್ತೆ, ಬೆಲೆ ಎಷ್ಟು, ಎಷ್ಟು ಗುಂಡು ಹಿಡಿಯುತ್ತೆ ಅಂತ ಮೊಬೈಲ್ ಲಾಂಚ್ ಥರ ಸ್ಪೆಸಿಫಿಕೇಶನ್ ಓದಿದರು. ಕೊಲೆಯ ದೃಶ್ಯಕ್ಕೆ ಮತ್ತೆ ಮತ್ತೆ ರಿಪ್ಲೇ. ಸಿನಿಮಾದವರ ಗನ್ನಾದರೂ ಸುಳ್ಳು ಅಂತ ಗೊತ್ತಿರುತ್ತೆ. ಇಲ್ಲಿ ನಿಜವಾದ ಸಾವಿಗೇ ಸಿನಿಮಾದ ಎಡಿಟಿಂಗ್.

ನಮ್ಮೂರಿನದೇ ಉದಾಹರಣೆ ತಗೊಳ್ಳಿ. 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿ, 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಗೌರಿ ಲಂಕೇಶ್. ಇಬ್ಬರನ್ನೂ ಕೊಂದಿದ್ದು ಒಂದೇ 7.65 ಎಂಎಂ ಕಂಟ್ರಿಮೇಡ್ ಪಿಸ್ತೂಲು ಅಂತ ವಿಧಿವಿಜ್ಞಾನ ವರದಿ ಇಟ್ಟುಕೊಂಡು ಎಸ್‌ಐಟಿ ಕೋರ್ಟಿಗೆ ಹೇಳಿತು. ಒಂದು ನಾಡ ಪಿಸ್ತೂಲು ಎರಡು ವರ್ಷ ಯಾರ ಕಣ್ಣಿಗೂ ಬೀಳದೆ ಇದ್ದು ಎರಡನೇ ಮನೆಯ ಬಾಗಿಲಿಗೂ ಬಂತು ಅಂದ್ರೆ ಅದರ ಅರ್ಥ ಏನು? ಅದನ್ನ ಮಾಡಿದ್ದು ಯಾರು, ಗುಂಡು ಬಂದಿದ್ದು ಎಲ್ಲಿಂದ, ನಡುವೆ ಅದು ಯಾರ ಮನೆಯಲ್ಲಿತ್ತು? ನನಗೆ ಬಂದೂಕಿನ ನಿಜವಾದ ಕತೆ ಅಂದ್ರೆ ಇದು. ಅದಕ್ಕೆ ಸ್ಲೋ ಮೋಷನ್ ಇಲ್ಲ, ಡೈಲಾಗ್ ಇಲ್ಲ.

2017ರ ಲೆಕ್ಕಕ್ಕೆ ‘ಸ್ಮಾಲ್ ಆರ್ಮ್ಸ್ ಸರ್ವೆ’ ಕೊಟ್ಟ ಅಂದಾಜಿನ ಪ್ರಕಾರ ಭಾರತದಲ್ಲಿ ಜನರ ಕೈಯಲ್ಲಿರೋ ಬಂದೂಕು ಸುಮಾರು 7 ಕೋಟಿ 11 ಲಕ್ಷ. ಅದರಲ್ಲಿ ನೋಂದಣಿ ಆಗಿರೋದು ಸುಮಾರು 97 ಲಕ್ಷ. ಉಳಿದವು ಯಾವ ಪುಸ್ತಕದಲ್ಲೂ ಇಲ್ಲ. ಬಂದೂಕಿನಿಂದ ಆಗೋ ಕೊಲೆಗಳಲ್ಲಿ ಬಹುಪಾಲು ಲೈಸೆನ್ಸ್ ಇಲ್ಲದ ಆಯುಧದವೇ ಅಂತ ಎನ್‌ಸಿಆರ್‌ಬಿ ವರದಿಗಳು ಪದೇ ಪದೇ ತೋರಿಸಿವೆ. ಲೆಕ್ಕ ಇರೋ ಕೋವಿಯನ್ನ ಎಲೆಕ್ಷನ್ನಿಗೆ ಠಾಣೆಯಲ್ಲಿಡೋದು ಸುಲಭ. ಲೆಕ್ಕವಿಲ್ಲದ್ದನ್ನ ಹುಡುಕೋದು ಕಷ್ಟ. ಕಷ್ಟದ್ದನ್ನ ಕೇಳಬೇಕಾದ ಮಾಧ್ಯಮ ಗ್ರಾಫಿಕ್ಸ್ ಮಾಡ್ತಾ ಕೂತಿದೆ.

ಮನಸ್ಸು ಮಾಡಿದರೆ ಇದನ್ನ ಬೇರೆ ಥರ ತೋರಿಸಬಹುದು. ‘ಕಾಂತಾರ’ದ ಶಿವ ರಾತ್ರಿ ಕಾಡುಹಂದಿ ಬೇಟೆಗೆ ಹೋಗೋದನ್ನ ನೆನಪಿಸಿಕೊಳ್ಳಿ. ಅಲ್ಲಿನ ಬಂದೂಕಿಗೆ ಒಂದು ಊರಿದೆ, ಅದರ ಸದ್ದು ಕೇಳಿ ತಲೆ ಕೆಡಿಸಿಕೊಳ್ಳೋ ಅರಣ್ಯ ಇಲಾಖೆ ಇದೆ, ಅದರಿಂದ ಹುಟ್ಟೋ ಜಗಳ ಇದೆ. ‘ಮಿರ್ಜಾಪುರ್’ ಸೀರೀಸಿನ ಬಗ್ಗೆ ನನಗೆ ನೂರು ತಕರಾರಿದ್ದರೂ ಒಂದು ಮಾತು ಒಪ್ಪಬೇಕು: ಕಾರ್ಪೆಟ್ ವ್ಯಾಪಾರದ ಮರೆಯಲ್ಲಿ ನಡೆಯೋ ಕಟ್ಟಾ ದಂಧೆ ತೋರಿಸಿ, ಪಿಸ್ತೂಲು ಆಕಾಶದಿಂದ ಉದುರಲ್ಲ, ಅದನ್ನ ಯಾರೋ ಮಾಡ್ತಾರೆ, ಯಾರೋ ಮಾರ್ತಾರೆ ಅಂತಾದರೂ ಹೇಳಿತು. 2022ರಲ್ಲಿ ಪಂಜಾಬ್ ಸರ್ಕಾರ ಗನ್ ವೈಭವೀಕರಿಸೋ ಹಾಡುಗಳನ್ನೇ ನಿಷೇಧಿಸಿತು. ಅಂಥ ನಿಷೇಧದಲ್ಲಿ ನನಗೆ ನಂಬಿಕೆ ಇಲ್ಲ. ಹಾಡು ನಿಲ್ಲಿಸಿದರೆ ಕಟ್ಟಾ ಮಾಡೋನ ಕುಲುಮೆ ಆರಲ್ಲ.

ನಾವು ಮಾಡಬಹುದಾದ್ದು ಸಣ್ಣದು. ಮುಂದಿನ ಸಲ ಪೊಲೀಸರು ಟೇಬಲ್ ಮೇಲೆ ಪಿಸ್ತೂಲು ಜೋಡಿಸಿ, ಹಿಂದೆ ಸಾಲಾಗಿ ನಿಂತು ಫೋಟೋ ಕೊಟ್ಟಾಗ, ಆ ಸುದ್ದಿಯಲ್ಲಿ ಮೂರು ಉತ್ತರ ಇದೆಯಾ ನೋಡಿ. ಇದಕ್ಕೆ ಲೈಸೆನ್ಸ್ ಇತ್ತಾ? ಇದನ್ನ ಮಾಡಿದ್ದು ಎಲ್ಲಿ? ತೋಟಾ ಕೊಟ್ಟಿದ್ದು ಯಾರು? ಇಲ್ಲದಿದ್ದರೆ ಕೆಳಗೆ ಕಮೆಂಟಿನಲ್ಲಿ ಕೇಳಿ, ಆ ಸುದ್ದಿ ಬರೆದವರಿಗೆ ಮೇಲ್ ಹಾಕಿ. ಮತ್ತೆ ದೀಪಾವಳಿಗೆ ಊರಿಗೆ ಹೋದಾಗ ಮನೆಯಲ್ಲಿ ಕೋವಿ ಇದ್ದರೆ ಅಪ್ಪನನ್ನೂ ಒಂದು ಮಾತು ಕೇಳಿ: ತೋಟಾ ಬೇರೆ, ಕೋವಿ ಬೇರೆ ಬೀಗದಲ್ಲಿ ಇಟ್ಟಿದ್ದೀರಾ ಅಂತ.