ಹುರಿದ ತರಕಾರಿಗೆ ಹೊಳೆವ ಪಾಕ: ರಸಿಕರಿಗೊಂದು ಕೈಪಿಡಿ

ಜೇನು ಸವರಿ ಓವನ್ನಿನಲ್ಲಿ ಹುರಿದ ಕ್ಯಾರೆಟ್ ಮೇಜಿಗೆ ಬಂದಾಗ ಹೊಸಬರ ಕಣ್ಣು ಮೊದಲು ಹೋಗುವುದು ಅದರ ಮಿರಮಿರ ಹೊಳಪಿನ ಕಡೆಗೆ. ಪಳಗಿದವರು ನೋಡುವುದು ಅಂಚನ್ನು. ಅಂಚು ಕಂದಾಗಿದ್ದು, ಒಂದೆರಡು ಕಡೆ ಕಪ್ಪಿಗೆ ತಿರುಗಿದ್ದರೆ ಆ ತುಂಡು ನಿಜಕ್ಕೂ ಹುರಿದಿದೆ. ಬಣ್ಣ ಬದಲಾಗದೆ ಬರೀ ಹೊಳೆಯುತ್ತಿದ್ದರೆ ಅದು ಬೆಂದ ತರಕಾರಿಗೆ ಸಿಹಿ ಸುರಿದದ್ದು, ಅಷ್ಟೇ.

ಇಂಗ್ಲೆಂಡಿನ ಭಾನುವಾರದ ರೋಸ್ಟ್ ಊಟದಲ್ಲೂ ಅಮೆರಿಕದ ಥ್ಯಾಂಕ್ಸ್‌ಗಿವಿಂಗ್ ಹಬ್ಬದಲ್ಲೂ ಮಾಂಸದ ಪಕ್ಕಕ್ಕೆ ಇಂಥ ತರಕಾರಿ ಬಡಿಸುವ ರೂಢಿ ಹಳೆಯದು. ಫ್ರಾನ್ಸಿನಲ್ಲಿ ಇದರ ಹಿರಿಯಕ್ಕ ಒಬ್ಬಳಿದ್ದಾಳೆ; ಆಕೆಗೆ ಓವನ್ ಬೇಡವೇ ಬೇಡ. ಅಗಲ ಪಾತ್ರೆಯಲ್ಲಿ ಕ್ಯಾರೆಟ್ ತುಂಡುಗಳನ್ನು ಒಂದೇ ಪದರವಾಗಿ ಹರಡಿ, ಅರ್ಧ ಮುಳುಗುವಷ್ಟು ನೀರು, ಒಂದು ತುಂಡು ಬೆಣ್ಣೆ, ಒಂದು ಚಮಚ ಸಕ್ಕರೆ, ಚಿಟಿಕೆ ಉಪ್ಪು ಹಾಕಿ ಒಲೆಯ ಮೇಲಿಡುತ್ತಾರೆ. ನೀರು ಇಂಗಿದ ಮೇಲೆ ತಳದಲ್ಲಿ ಉಳಿದ ಬೆಣ್ಣೆ, ಸಕ್ಕರೆ ತುಂಡುಗಳ ಮೈಗೆ ಹತ್ತಿಕೊಂಡು ಹೊಳೆಯುತ್ತವೆ. ವಿಶಿ ಪಟ್ಟಣದ ಹೆಸರು ಹೊತ್ತ ಕ್ಯಾರೆಟ್ ಇದೇ ಕುಲದ್ದು. ಅದನ್ನು ಆ ಊರಿನ ಖನಿಜದ ನೀರಿನಲ್ಲಿ ಬೇಯಿಸುವುದು ಸಂಪ್ರದಾಯ. ಮನೆಯಲ್ಲಿ ಓವನ್ ಇಲ್ಲದವರು ಈ ದಾರಿಯನ್ನೇ ಹಿಡಿಯಬಹುದು.

ಇನ್ನು, ಹುರಿದ ತರಕಾರಿಯನ್ನು ಮಾಂಸದ ಮಗ್ಗುಲಿನಿಂದ ಎಬ್ಬಿಸಿ ತಟ್ಟೆಯ ನಡುವೆ ಕೂರಿಸಿದವರಲ್ಲಿ ಯೋತಮ್ ಒಟ್ಟೊಲೆಂಗಿ ಅವರದು ದೊಡ್ಡ ಹೆಸರು. ಜೆರುಸಲೆಮಿನಲ್ಲಿ ಹುಟ್ಟಿ, ಲಂಡನ್ನಿನಲ್ಲಿ 2002ರಲ್ಲಿ ಅಂಗಡಿ ತೆರೆದ ಇವರು 2006ರಿಂದ ‘ಗಾರ್ಡಿಯನ್’ ಪತ್ರಿಕೆಗೆ ಸಸ್ಯಾಹಾರದ ಅಂಕಣ ಬರೆದರು. 2010ರಲ್ಲಿ ಬಂದ ಅವರ ‘ಪ್ಲೆಂಟಿ’ ಪುಸ್ತಕ ಇಡೀ ತರಕಾರಿ ಅಡುಗೆಗೇ ಮೀಸಲು. ಅವರು ಸ್ವತಃ ಸಸ್ಯಾಹಾರಿಯಲ್ಲ ಎನ್ನುವುದು ಬೇರೆ ಮಾತು.

ಈ ಅಡುಗೆಯ ಗುಟ್ಟೆಲ್ಲ ಇರುವುದು ಯಾವುದು ಮೊದಲು, ಯಾವುದು ಆಮೇಲೆ ಎಂಬುದರಲ್ಲಿ. ಕ್ಯಾರೆಟ್ಟಿನ ತೂಕದಲ್ಲಿ ಸುಮಾರು ಶೇ. 88 ಭಾಗ ನೀರು. ಮೇಲ್ಮೈಯಲ್ಲಿ ತೇವ ಇರುವ ತನಕ ಓವನ್ 200 ಡಿಗ್ರಿಯಲ್ಲಿದ್ದರೂ ತರಕಾರಿಯ ಮೈ 100 ಡಿಗ್ರಿಯ ಆಸುಪಾಸಿನಲ್ಲೇ ನಿಂತಿರುತ್ತದೆ. ಕಂದು ಬಣ್ಣ, ಹುರಿದ ಘಮ ಚುರುಕಾಗಿ ಏಳುವುದು ಸುಮಾರು 140 ಡಿಗ್ರಿ ದಾಟಿದ ಮೇಲೆ. ಸಕ್ಕರೆಯೂ ಅಮೈನೋ ಆಮ್ಲಗಳೂ ಕೂಡಿ ಮಾಡುವ ಈ ಕೆಲಸವನ್ನು 1912ರಲ್ಲಿ ವಿವರಿಸಿದವರು ಫ್ರೆಂಚ್ ರಸಾಯನ ವಿಜ್ಞಾನಿ ಲೂಯಿ ಕಮೀಲ್ ಮಯ್ಯಾರ್. ಆದ್ದರಿಂದ ತೊಳೆದ ತರಕಾರಿಯನ್ನು ಬಟ್ಟೆಯಲ್ಲಿ ಚೆನ್ನಾಗಿ ಒರೆಸಬೇಕು, ಟ್ರೇಯಲ್ಲಿ ತುಂಡುಗಳ ನಡುವೆ ಜಾಗ ಬಿಡಬೇಕು. ಒತ್ತೊತ್ತಾಗಿ ತುಂಬಿದರೆ ಹಬೆ ಅಲ್ಲಿಯೇ ಸುತ್ತಿ ತರಕಾರಿ ಬೇಯುತ್ತದೆಯೇ ಹೊರತು ಹುರಿಯುವುದಿಲ್ಲ.

ಜೇನು ಮಾತ್ರ ಕೊನೆಗೆ. ಅದರಲ್ಲಿ ಹೆಚ್ಚಿಗೆ ಇರುವ ಫ್ರಕ್ಟೋಸ್ ನಾವು ಬಳಸುವ ಸಕ್ಕರೆಗಿಂತ ಬಹಳ ಕಡಿಮೆ ಶಾಖಕ್ಕೇ ಕಂದಾಗುತ್ತದೆ. ಮೊದಲೇ ಸವರಿ ಒಳಗಿಟ್ಟರೆ ಕ್ಯಾರೆಟ್ ಮೆತ್ತಗಾಗುವಷ್ಟರಲ್ಲಿ ಜೇನು ಕರಕಲಾಗಿ ಕಹಿಯಾಗಿರುತ್ತದೆ.

ನಾಲ್ಕು ಜನರ ಮನೆಗೆ ಅರ್ಧ ಕಿಲೋ ಕ್ಯಾರೆಟ್ ಸಾಕು. ಬೆರಳುದ್ದಕ್ಕೆ, ಎಲ್ಲವೂ ಒಂದೇ ದಪ್ಪಕ್ಕೆ ಬರುವಂತೆ ಓರೆಯಾಗಿ ಹೆಚ್ಚಬೇಕು. ಎರಡು ದೊಡ್ಡ ಚಮಚ ಎಣ್ಣೆ, ಮುಕ್ಕಾಲು ಟೀ ಚಮಚ ಉಪ್ಪು, ಒಂದಿಷ್ಟು ಕುಟ್ಟಿದ ಕಾಳುಮೆಣಸು ಬೆರೆಸಿ, ಮೊದಲೇ 200 ಡಿಗ್ರಿಗೆ ಕಾಯಿಸಿದ ಓವನ್ನಿನಲ್ಲಿಡಬೇಕು. ಫ್ಯಾನ್ ಇರುವ ಓವನ್ ಆದರೆ 180 ಸಾಕು. ಸುಮಾರು 25 ನಿಮಿಷದ ತನಕ ಅದರ ಗೊಡವೆ ಬೇಡ, ನಡುವೆ ಒಮ್ಮೆ ಮಗುಚಿದರೆ ಆಯಿತು. ಸಂಜೆಯ ಗಡಿಬಿಡಿಯಲ್ಲಿ ಈ ಅಡುಗೆಯ ದೊಡ್ಡ ಉಪಕಾರ ಇದೇ: ಅಷ್ಟು ಹೊತ್ತಿನಲ್ಲಿ ಕುಕ್ಕರ್ ಕೂಗಿರುತ್ತದೆ, ಮಕ್ಕಳ ಹೋಂವರ್ಕ್ ಒಂದು ಪುಟ ಮುಗಿದಿರುತ್ತದೆ.

ಚಾಕುವಿನ ಮೊನೆ ಸಲೀಸಾಗಿ ಇಳಿಯತೊಡಗಿದಾಗ ಒಂದೂವರೆ ಚಮಚ ಜೇನು, ಒಂದು ಚಮಚ ಕರಗಿಸಿದ ಬೆಣ್ಣೆ ಕಲಸಿ ಟ್ರೇಗೆ ಸುರಿದು, ತುಂಡುಗಳನ್ನು ಹೊರಳಾಡಿಸಿ ಮತ್ತೆ ಒಳಗಿಡಬೇಕು. ಇಲ್ಲಿಂದ ಮುಂದಿನ ಎಂಟು ಹತ್ತು ನಿಮಿಷ ಮೊಬೈಲ್ ಹಿಡಿದು ಕೂರುವಂತಿಲ್ಲ. ಮೊದಲು ಟ್ರೇಯ ತಳದಲ್ಲಿ ಸಣ್ಣ ನೊರೆ ಏಳುತ್ತದೆ. ಆಮೇಲೆ ಗುಳ್ಳೆಗಳು ದಪ್ಪಗಾಗಿ, ನಿಧಾನವಾಗಿ ಒಡೆಯತೊಡಗುತ್ತವೆ. ಅದೇ ಹದ. ಹೊರಗೆ ತೆಗೆದಾಗ ಚುರುಚುರು ಸದ್ದು ಕೇಳಿಸಬೇಕು, ಪಾಕ ಚಮಚದ ಬೆನ್ನಿಗೆ ಹತ್ತಿ ನಿಧಾನಕ್ಕೆ ಜಾರಬೇಕು. ಚಿಕ್ಕಿಗೂ ಉಂಡೆಗೂ ಬೆಲ್ಲದ ಪಾಕ ಹಿಡಿದ ಕೈಗಳಿಗೆ ಇದು ಹೊಸ ವಿದ್ಯೆಯೇನಲ್ಲ. ಇಲ್ಲಿ ಬೇಕಾದದ್ದು ಎಳೆಪಾಕಕ್ಕಿಂತ ಸ್ವಲ್ಪ ಮೊದಲಿನ ಹದ. ಆರುತ್ತ ಅದು ಇನ್ನಷ್ಟು ಗಟ್ಟಿಯಾಗುತ್ತದೆ.

ನಿಂಬೆರಸ ಹಿಂಡುವುದು ಒಲೆಯಿಂದಾಚೆ ಬಂದ ಮೇಲೆ. ಇದನ್ನು ಮರೆತರೆ ಇಡೀ ಅಡುಗೆ ಸಪ್ಪೆಸಿಹಿಯಾಗಿ ಎರಡನೇ ತುತ್ತಿಗೇ ಬೇಸರ ತರಿಸುತ್ತದೆ. ಗೊಜ್ಜು ತಿಂದು ಬೆಳೆದ ನಾಲಿಗೆಗೆ ಸಿಹಿ, ಹುಳಿ, ಉಪ್ಪು, ಖಾರ ಒಂದನ್ನೊಂದು ತಡೆದು ನಿಲ್ಲಿಸುವ ಲೆಕ್ಕಾಚಾರ ಚೆನ್ನಾಗಿ ಗೊತ್ತು. ಇಲ್ಲಿಯೂ ಅದೇ ಲೆಕ್ಕ, ಜೊತೆಗೆ ಅಂಚಿನ ಒಂದಿಷ್ಟು ಕಹಿ. ಇಟಲಿಯ ಮೊಡೆನಾದಲ್ಲಿ ತಯಾರಾಗುವ ಬಾಲ್ಸಮಿಕ್ ವಿನೆಗರ್ ಅನ್ನು ಯುರೋಪಿನವರು ಈ ಕೆಲಸಕ್ಕೆ ಧಾರಾಳವಾಗಿ ಬಳಸುತ್ತಾರೆ. ಕೊಡಗಿನವರು ಹಂದಿ ಸಾರಿಗೆ ಹಾಕುವ ಕಪ್ಪು, ಮಂದ ಕಾಚಂಪುಳಿಯ ನಾಲ್ಕು ಹನಿ ಅದರ ಜಾಗದಲ್ಲಿ ಸೊಗಸಾಗಿ ಕೂರುತ್ತದೆ. ಮಲೆನಾಡಿನ ಮನೆಯಲ್ಲಿ ದೋಸೆಗೆಂದು ಇಟ್ಟ ಜೋನಿಬೆಲ್ಲ ಇದ್ದರೆ ಜೇನಿನ ಬಾಟಲಿ ಹುಡುಕುವ ಅಗತ್ಯವೂ ಇಲ್ಲ.

ಎಲ್ಲ ತರಕಾರಿಗೂ ಈ ಉಪಚಾರ ಒಗ್ಗದು. ಸೋರೆಕಾಯಿ ನೀರು ಬಿಟ್ಟು ಸೋಲುತ್ತದೆ. ಬೀಟ್‌ರೂಟ್ ಗೆಲ್ಲುತ್ತದೆ, ಆದರೆ ಸಮಯ ಹೆಚ್ಚು ಕೇಳುತ್ತದೆ. ಗೆಣಸಿಗೆ ಹೊರಗಿನ ಸಿಹಿ ಅಷ್ಟಾಗಿ ಬೇಡ, ಏಕೆಂದರೆ ಬೇಯುವಾಗಲೇ ಅದರ ಪಿಷ್ಟ ಮಾಲ್ಟೋಸ್ ಸಕ್ಕರೆಯಾಗಿ ಒಡೆಯುತ್ತದೆ. ಜಪಾನಿನಲ್ಲಿ ಕಾದ ಕಲ್ಲುಗಳ ಮೇಲೆ ನಿಧಾನವಾಗಿ ಸುಟ್ಟ ಗೆಣಸನ್ನು ಏನನ್ನೂ ಸವರದೆ ಮಾರುತ್ತಾರೆ. ಸಿಹಿ ಗೆಣಸಿನ ಮೇಲೆ ಮಾರ್ಷ್‌ಮ್ಯಾಲೋ ಹರಡುವ ಅಮೆರಿಕದ ಪದ್ಧತಿಯನ್ನು ಸಿಹಿತಿಂಡಿಯ ಪುಟಕ್ಕೆ ಬಿಡುವುದು ಲೇಸು. ಬದನೆಗೆ ಮಾತ್ರ ಜಪಾನಿನವರ ಮಾತೇ ಮಾತು: ಉದ್ದಕ್ಕೆ ಸೀಳಿ, ಮೆತ್ತಗೆ ಹುರಿದು, ಸಿಹಿ ಬೆರೆಸಿದ ಮಿಸೊ ಸವರಿ ಮೇಲಿನ ಶಾಖಕ್ಕೆ ಒಡ್ಡಿದ ‘ನಾಸು ದೆಂಗಾಕು’ ರುಚಿ ನೋಡದೆ ಈ ಪಾಠ ಮುಗಿಯುವುದಿಲ್ಲ.

ನ್ಯೂಜೆರ್ಸಿಯಿಂದ ಬೇ ಏರಿಯಾದವರೆಗೆ ಎಷ್ಟೋ ಕನ್ನಡಿಗರ ಮನೆಗಳಲ್ಲಿ ಒಲೆಯ ಕೆಳಗಿನ ಓವನ್ ಬಾಣಲೆ, ತವಾಗಳನ್ನು ಪೇರಿಸಿಡುವ ಕಪಾಟಾಗಿದೆ. ಅವನ್ನು ಹೊರಗೆ ತೆಗೆದರೆ ಈ ಅಡುಗೆಗೆ ಬೇಕಾದ ಸಲಕರಣೆಯೆಲ್ಲ ಸಿದ್ಧ. ಊರಿನಲ್ಲಿರುವವರ ಪುಟ್ಟ ಓಟಿಜಿಯೂ ಸಾಲದೇನಲ್ಲ; ಎರಡೂ ಕಾಯಿಲ್ ಉರಿಯುತ್ತಿರಲಿ, ತರಕಾರಿಯನ್ನು ಎರಡು ಸರದಿಯಲ್ಲಿ ಇಡಲಿ. ಬಡಿಸುವಾಗ ಪಕ್ಕದಲ್ಲಿ ಗಟ್ಟಿ ಮೊಸರು, ಚಪಾತಿ ಇದ್ದರೆ ಊಟವಾಯಿತು. ಮೊಸರನ್ನಕ್ಕೆ ನೆಂಚಿಕೊಳ್ಳಲೂ ತಕರಾರಿಲ್ಲ.

ಕೊನೆಯದಾಗಿ ಮಾರುಕಟ್ಟೆಗೆ ಹೋಗುವವರಿಗೊಂದು ಮಾತು: ಚಳಿಗಾಲದಲ್ಲಿ ಬರುವ ಉತ್ತರ ಭಾರತದ ಕೆಂಪು ಕ್ಯಾರೆಟ್ ಊಟಿಯ ಕಿತ್ತಳೆ ಬಣ್ಣದ್ದಕ್ಕಿಂತ ರಸಭರಿತ, ಸಿಹಿಯೂ ಹೆಚ್ಚು. ಅದನ್ನು ತಂದ ದಿನ ಜೇನು ಅರ್ಧಕ್ಕಿಳಿಸಿ, ಹುರಿಯುವ ಹೊತ್ತನ್ನು ಐದು ನಿಮಿಷ ಹೆಚ್ಚಿಸಿ.