ಹೇಸರಗತ್ತೆಗೆ ಕೂಡದ ಲೆಕ್ಕ

ತಾರಸಿಯ ಕುಂಡದಲ್ಲಿ ಎಪಿಡೆಂಡ್ರಮ್ ಆರ್ಕಿಡ್ ಅರಳಿತೆಂದರೆ ನನ್ನ ಕೈ ಸುಮ್ಮನಿರುವುದಿಲ್ಲ. ಹಲ್ಲುಕಡ್ಡಿಯ ತುದಿಗೆ ಒಂದು ಹೂವಿನ ಪರಾಗದ ಉಂಡೆ ಅಂಟಿಸಿಕೊಂಡು ಪಕ್ಕದ ಕುಂಡದ ಹೂವಿಗೆ ಮುಟ್ಟಿಸಿಬಿಡುತ್ತೇನೆ. ಕಾಯಿ ಕಚ್ಚುತ್ತದೆ, ದಪ್ಪಗಾಗುತ್ತದೆ, ತಿಂಗಳುಗಟ್ಟಲೆ ಆಸೆ ಹುಟ್ಟಿಸುತ್ತದೆ. ಒಡೆದು ನೋಡಿದರೆ ಎಷ್ಟೋ ಸಲ ಬರೀ ಜಳ್ಳು. ಆರ್ಕಿಡ್ ಹುಚ್ಚಿನ ಹಿರಿಯರನ್ನು ಕೇಳಿ, ಉತ್ತರ ಒಂದೇ: 'ವರ್ಣತಂತುಗಳ ಲೆಕ್ಕ ಕೂಡಿಲ್ಲ ಕಣಯ್ಯಾ.'

ಲೆಕ್ಕ ಸುಳ್ಳೇನಲ್ಲ. ಕುದುರೆಗೆ 64 ವರ್ಣತಂತು, ಕತ್ತೆಗೆ 62. ಎರಡಕ್ಕೂ ಹುಟ್ಟಿದ ಹೇಸರಗತ್ತೆಗೆ 63. ಸರಿಯಾಗಿ ಜೋಡಿ ಕೂಡದ ಕಾರಣ ಅದು ಹೆಚ್ಚುಕಡಿಮೆ ಗೊಡ್ಡೇ. ವ್ಯತ್ಯಾಸ ಎರಡೇ ಎರಡು!

ಈಗ ಬ್ರೆಜಿಲ್ಲಿನ ದಕ್ಷಿಣ ಕರಾವಳಿಗೆ ಬನ್ನಿ. ಅಲ್ಲಿನ ಕಡಲಂಚಿನ ಮರಳು ನೆಲ, ಕುರುಚಲಿಗೆ 'ರೆಸ್ಟಿಂಗ' ಎನ್ನುತ್ತಾರೆ. ದಿಬ್ಬದ ಒಣ ಮರಳಿನಲ್ಲಿ ಎಪಿಡೆಂಡ್ರಮ್ ಫಲ್ಜೆನ್ಸ್, ಕೆಳಗಿನ ಜೌಗಿನಲ್ಲಿ ಎಪಿಡೆಂಡ್ರಮ್ ಪ್ಯುನಿಸಿಯೊಲ್ಯೂಟಿಯಮ್. (ನಾಲಿಗೆ ತೊಡರಿಸುವ ಈ ಹೆಸರಿಗೆ ಲ್ಯಾಟಿನ್ನಿನಲ್ಲಿ 'ಕೆಂಪು-ಹಳದಿ' ಎಂದಷ್ಟೇ ಅರ್ಥ.) ಮೊದಲಿನದಕ್ಕೆ 24 ವರ್ಣತಂತು, ಎರಡನೆಯದಕ್ಕೆ 52. ನನ್ನ ಹಿರಿಯರಾಗಿದ್ದರೆ ಈ ಸಂಬಂಧಕ್ಕೆ ಜಾತಕವನ್ನೇ ಬಿಚ್ಚುತ್ತಿರಲಿಲ್ಲ.

ಚಿಟ್ಟೆಗೆ ಜಾತಕ ಬೇಕಿಲ್ಲ. ಬಣ್ಣ ನೋಡಿ ಬರುತ್ತದೆ, ಮಕರಂದ ಸಿಗದೆ ಮೋಸಹೋಗುತ್ತದೆ, ಪರಾಗ ಹೊತ್ತು ಮುಂದಿನ ಹೂವಿಗೆ ಹಾರುತ್ತದೆ. ದಿಬ್ಬವೂ ಜೌಗೂ ಸೇರುವಲ್ಲಿ ಬೆರಕೆ ಗಿಡಗಳು ಎದ್ದಿವೆ. ತಂದೆತಾಯಿಯರ ಅರ್ಧರ್ಧ, ಅಂದರೆ 12ಕ್ಕೆ 26 ಕೂಡಿ, 38. ಅಚ್ಚರಿಯೆಂದರೆ ಇವು ಗೊಡ್ಡಲ್ಲ. ಫ್ಯಾಬಿಯೊ ಪಿನ್ಯೇರು ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೆರಕೆ ಗಿಡಗಳು ಮೂಲ ಜಾತಿಗಳೊಡನೆ ಮತ್ತೆ ಕೂಡಿ ವಂಶವಾಹಿಗಳನ್ನು ಆಚೀಚೆ ದಾಟಿಸುತ್ತಿರುವುದು ಕಂಡಿತು.

ಹೇಸರಗತ್ತೆಗೆ ಆಗದ್ದು ಇವಕ್ಕೆ ಹೇಗಾಯಿತು? ಸುಳುಹು 52ರಲ್ಲೇ ಇದೆಯೆಂದು ನನ್ನ ಅನಿಸಿಕೆ. ಜೌಗಿನ ಗಿಡದಲ್ಲಿ ವರ್ಣತಂತುಗಳ ಗಣ ಇಮ್ಮಡಿಯಾಗಿದೆ. ಒಂದೇ ಬಗೆಯ ವಂಶವಾಹಿಗೆ ಹಲವು ಪ್ರತಿಗಳಿರುವಾಗ ಒಂದೆರಡು ಅತ್ತಿತ್ತ ತಪ್ಪಿದರೂ ಸಂಸಾರ ಸಾಗುತ್ತದೆ. ಪ್ರಾಣಿಗಳಿಗೆ ಅಂಥ ಧಾರಾಳತನ ಅಪರೂಪ, ಗಿಡಗಳಿಗೆ ಮಾಮೂಲು. ಇದೇ ಕುಲದ ಸಿನ್ನಬಾರಿನಮ್‌ಗೆ 240 ವರ್ಣತಂತುಗಳಿವೆ, ಫಲ್ಜೆನ್ಸ್‌ನ ಹತ್ತುಪಟ್ಟು!

ನರ್ಸರಿಗಳು ಎಲ್ಲಕ್ಕೂ ಒಂದೇ ಚೀಟಿ ಅಂಟಿಸಿ ಮಾರುವುದರಿಂದ ನನ್ನ ಕುಂಡಗಳಲ್ಲಿ ಯಾರ ರಕ್ತ ಎಷ್ಟಿದೆಯೋ ಹೇಳುವಂತಿಲ್ಲ. ಹಾಗಾಗಿ ವರ್ಣತಂತುಗಳ ಪಟ್ಟಿ ನೋಡುವುದನ್ನು ಬಿಟ್ಟಿದ್ದೇನೆ. ಕಳೆದ ವಾರ ಕಿತ್ತಳೆ ಬಣ್ಣದ ಗಿಡದಲ್ಲಿ ಎರಡು ಕಾಯಿ ಕಚ್ಚಿವೆ. ಒಂದಕ್ಕೆ ಕೆಂಪು ಹೂವಿನ ಪರಾಗ ಮುಟ್ಟಿಸಿದ್ದೆ. ಇನ್ನೊಂದು ನನ್ನ ಕೆಲಸವಲ್ಲ.