ಸುಲಿಯುವ ತೊಗಟೆಯ ಸಮೀಪಚಿತ್ರಗಳು: ಒಂದು ವಿಮರ್ಶೆ

ಮರದ ತೊಗಟೆ ಸುಲಿಯುವಾಗ ಮೂಡುವ ವಿನ್ಯಾಸಗಳನ್ನು ಅತಿ ಸಮೀಪದಿಂದ ತೆಗೆದ ಛಾಯಾಚಿತ್ರಗಳು ಇಂದು ಹೇರಳವಾಗಿ ಕಾಣಬರುತ್ತಿವೆ. ಅವುಗಳ ಸೊಬಗನ್ನು ಅಲ್ಲಗಳೆಯುವುದು ಈ ಬರಹದ ಉದ್ದೇಶವಲ್ಲ. ಅಂತಹ ಚಿತ್ರವು ನೋಡುವವರಿಗೆ ಏನನ್ನು ತಿಳಿಸಬಲ್ಲುದು, ಏನನ್ನು ಮರೆಮಾಡುತ್ತದೆ ಎಂಬುದನ್ನು ಇತಿಹಾಸದ ವಿದ್ಯಾರ್ಥಿಯ ದೃಷ್ಟಿಯಿಂದ ಪರಿಶೀಲಿಸುವುದಷ್ಟೇ ಇಲ್ಲಿಯ ಪ್ರಯತ್ನ.

ತೊಗಟೆ ಸುಲಿಯುವುದಕ್ಕೆ ಕಾರಣವೂ ಕಾಲಕ್ರಮವೂ ಉಂಟು. ಕಾಂಡವು ಒಳಗಿನಿಂದ ದಪ್ಪನಾಗುತ್ತ ಹೋದಂತೆ ಹೊರಗಿನ ನಿರ್ಜೀವ ಪದರವು ಅದರೊಡನೆ ಹಿಗ್ಗಲಾರದೆ ಬಿರಿಯುತ್ತದೆ. ಕೆಳಗೆ ಹೊಸ ಪದರ ಏರ್ಪಟ್ಟಂತೆ ಹಳೆಯದು ಕಳಚಿ ಬೀಳುತ್ತದೆ. ಭೂರ್ಜವೃಕ್ಷದಲ್ಲಿ ಅದು ಕಾಗದದಂತಹ ಅಡ್ಡ ಹಾಳೆಗಳಾಗಿಯೂ, ಸೀಬೆಯಲ್ಲಿ ತೆಳುವಾದ ಚಕ್ಕೆಗಳಾಗಿಯೂ ಬಿಡುತ್ತದೆ. ನ್ಯೂಗಿನಿ, ಫಿಲಿಪ್ಪೀನ್ಸ್ ಮೊದಲಾದ ದ್ವೀಪಗಳಲ್ಲಿ ಸಹಜವಾಗಿ ಬೆಳೆಯುವ ಯೂಕಲಿಪ್ಟಸ್ ಡಿಗ್ಲಪ್ಟ ಎಂಬ ನೀಲಗಿರಿಯ ಜಾತಿಯಲ್ಲಿ, ಆಗತಾನೆ ತೆರೆದ ಮೈ ಹಸುರಾಗಿದ್ದು, ಕಾಲ ಕಳೆದಂತೆ ನೀಲಿ, ನೇರಿಳೆ, ಕಿತ್ತಳೆ, ಕೆಂಗಂದು ಬಣ್ಣಗಳಿಗೆ ತಿರುಗುವುದು. ಅಲ್ಲಿ ಬಣ್ಣವೇ ಕಾಲದ ಗುರುತು. ಹೀಗಿರುವಾಗ, ಮೋಹಕವಾಗಲೆಂದು ಬಣ್ಣಗಳನ್ನು ಕೃತಕವಾಗಿ ಏರಿಸುವ ಛಾಯಾಗ್ರಾಹಕನು ಆ ಕಾಲಕ್ರಮವನ್ನೇ ಕೆಡಿಸಿದಂತಾಗುತ್ತದೆ.

ಎರಡನೆಯ ತೊಡಕು ಪ್ರಮಾಣದ್ದು. ವಸ್ತುವಿನ ಬಿಂಬವು ಅದರ ನಿಜವಾದ ಗಾತ್ರದಲ್ಲಿಯೇ ಬೀಳುವಂತೆ ತೆಗೆದಾಗ, 36 ಮಿಲಿಮೀಟರ್ ಉದ್ದ, 24 ಮಿಲಿಮೀಟರ್ ಅಗಲದ ಚೌಕಟ್ಟಿನಲ್ಲಿ ಅಷ್ಟೇ ವಿಸ್ತಾರದ ತೊಗಟೆ ಹಿಡಿಸುತ್ತದೆ. ಅದನ್ನು ಗೋಡೆಯಷ್ಟಗಲಕ್ಕೆ ಹಿಗ್ಗಿಸಿದರೆ ನೋಡುವವನು ನದೀಕಣಿವೆಯನ್ನೋ ಭೂಪಟವನ್ನೋ ಕಾಣುತ್ತಾನೆ, ಮರವನ್ನು ಕಾಣುವುದಿಲ್ಲ. ಇಷ್ಟು ಸಮೀಪದಲ್ಲಿ ಸ್ಫುಟವಾಗಿ ಮೂಡುವ ಆಳವೂ ಒಂದೆರಡು ಮಿಲಿಮೀಟರ್ ಮಾತ್ರ. ಮುರುಟಿದ ಚಕ್ಕೆಯ ಅಂಚು ಸ್ಪಷ್ಟವಾದರೆ ಅದರ ಕೆಳಗಿನ ಹೊಸ ಮೈ ಮಸಕಾಗುವುದುಂಟು. ಆದಕಾರಣ ಇಂತಹ ಚಿತ್ರವು ನಿರ್ಲಿಪ್ತವಾದ ಪ್ರತಿಯಲ್ಲ. ಆಯ್ಕೆಯಿಂದ ಹುಟ್ಟಿದ ವ್ಯಾಖ್ಯಾನ.

ಈ ವಿಷಯದಲ್ಲಿ ಹಿಂದಿನವರು ಎಚ್ಚರ ವಹಿಸಿದ್ದರು. ಜರ್ಮನಿಯ ಕಾರ್ಲ್ ಬ್ಲಾಸ್‌ಫೆಲ್ಟ್ 1928ರಲ್ಲಿ ಪ್ರಕಟಿಸಿದ ಸಸ್ಯಚಿತ್ರಗಳ ಸಂಪುಟದಲ್ಲಿ ಸಸ್ಯದ ಹೆಸರಿನೊಡನೆ ಎಷ್ಟು ಪಟ್ಟು ಹಿಗ್ಗಿಸಿದೆ ಎಂಬುದನ್ನೂ ಕೊಟ್ಟಿರುವನು. ಅಮೆರಿಕದ ಆರನ್ ಸಿಸ್ಕಿಂಡ್ ಗೋಡೆಯಿಂದ ಸುಲಿದ ಬಣ್ಣವನ್ನು ಶುದ್ಧ ಆಕಾರವನ್ನಾಗಿ ಕಂಡವನು. ಆದರೂ 1949ರ ತನ್ನ ಪ್ರಸಿದ್ಧ ಚಿತ್ರವೊಂದಕ್ಕೆ ಅರಿಜೋನದ ಜೆರೋಮ್ ಎಂಬ ಊರಿನ ಹೆಸರನ್ನೇ ಇಟ್ಟನು. ಸ್ಥಳವನ್ನು ಹೇಳಿದರೆ ಕಲೆ ಕುಗ್ಗುವುದೆಂಬ ವಾದಕ್ಕೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ.

ಬಿ. ಎಲ್. ರೈಸ್ ಅವರು ‘ಎಪಿಗ್ರಾಫಿಯ ಕರ್ನಾಟಿಕ’ದಲ್ಲಿ ಶಾಸನಗಳನ್ನು ತಾಲ್ಲೂಕುವಾರು ಸಂಖ್ಯೆಗಳೊಡನೆ ಜೋಡಿಸಿದುದರಿಂದಲೇ ಇಂದಿಗೂ ನಾವು ಪ್ರತಿಯೊಂದನ್ನೂ ಅದರ ನೆಲೆಯಲ್ಲಿಟ್ಟು ಓದಬಲ್ಲೆವು. ಊರು ತಿಳಿಯದ ಶಾಸನದ ಅಚ್ಚು ಎಷ್ಟೇ ಸ್ಫುಟವಾಗಿದ್ದರೂ ಅರ್ಧ ಮೂಕವೇ ಸರಿ. ತೊಗಟೆಯ ಚಿತ್ರಕ್ಕೂ ಇದೇ ನ್ಯಾಯ ಸಲ್ಲುತ್ತದೆ. ಕಲ್ಲಿನ ಮೇಲಿನ ಬರಹವಾದರೋ ಶತಮಾನಗಳವರೆಗೆ ಉಳಿಯಬಹುದು. ಸುಲಿದು ಬಿದ್ದ ಚಕ್ಕೆ ಮತ್ತೆ ದೊರೆಯದು. ಆದುದರಿಂದ ಮರದ ಹೆಸರು, ಸ್ಥಳ, ದಿನಾಂಕ, ಪ್ರಮಾಣ ಈ ನಾಲ್ಕನ್ನು ಚಿತ್ರದೊಡನೆ ದಾಖಲಿಸುವುದು ಅವಶ್ಯಕ. ಅದೇ ಕಾಂಡದ ಅದೇ ಭಾಗವನ್ನು ಋತುಋತುವಿಗೂ ಚಿತ್ರಿಸುವವರು ದೊರೆತರೆ, ಸೊಬಗಿನ ಜೊತೆಗೆ ಒಂದು ಮರದ ಚರಿತ್ರೆಯೂ ನಮಗೆ ಲಭಿಸುವುದು.